ಕಂಡೆನ್ಸರ್ ಮೈಕ್‌ಗೆ ಸೌಂಡ್ ಕಾರ್ಡ್ ಸಾಕಾ?

ಕಂಡೆನ್ಸರ್ ಮೈಕ್ ಇದೆ, ಡೆಸ್ಕ್‌ಟಾಪ್ ಒಳಗೆ ಹಾಕೋ ಸೌಂಡ್ ಕಾರ್ಡ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಸ್ಟುಡಿಯೋ ಕಂಡೆನ್ಸರ್‌ಗೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲ್ಲಿನಲ್ಲೇ ಹೋಗೋ ವಿದ್ಯುತ್) ಬೇಕು. ಮಾಮೂಲಿ ಕಾರ್ಡಿನ 3.5 ಮಿ.ಮೀ. ಮೈಕ್ ಜ್ಯಾಕ್ ಕೊಡೋದು ಕೆಲವೇ ವೋಲ್ಟ್. ಕನ್ವರ್ಟರ್ ಕೇಬಲ್ ಹಾಕಿದ್ರೂ ವೋಲ್ಟೇಜ್ ಏರಲ್ಲ, ಹಣ ದಂಡ.

ಎಕ್ಸ್‌ಎಲ್‌ಆರ್ (ಸ್ಟುಡಿಯೋ ಮೈಕಿನ ಮೂರು ಪಿನ್ನಿನ ಕನೆಕ್ಟರ್) ಇನ್‌ಪುಟ್, 48 ವೋಲ್ಟ್ ಸ್ವಿಚ್, ಡೈರೆಕ್ಟ್ ಮಾನಿಟರ್ (ನಿಮ್ಮ ದನಿ ತಡವಿಲ್ಲದೆ ಹೆಡ್‌ಫೋನಿಗೆ ಬರೋ ಸೌಲಭ್ಯ) ಇರೋ ಯುಎಸ್‌ಬಿ ಇಂಟರ್‌ಫೇಸ್, ಅಂದ್ರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸೋ ಹೊರಗಿನ ಪೆಟ್ಟಿಗೆ, ತಗೊಳ್ಳಿ. ವಿಂಡೋಸ್ ಆದ್ರೆ ಕಂಪನಿಯದೇ ಆಸಿಯೋ (ASIO, ದನಿಯ ತಡ ಕಡಿಮೆ ಮಾಡೋ) ಡ್ರೈವರ್ ಹಾಕಿ. 24 ಬಿಟ್, 48 ಕಿಲೋಹರ್ಟ್ಸ್, ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತಗೊಳ್ಳೋ ದನಿಯ ತುಣುಕು) 128 ಸ್ಯಾಂಪಲ್ ಇಡಿ. ಚಟಪಟ ಸದ್ದು ಬಂದ್ರೆ ಬಫರ್ 256 ಮಾಡಿ. ಜೋರಾಗಿ ಹಾಡಿದಾಗ ಮೀಟರ್ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲೋ ಹಾಗೆ ಗೇನ್ (ಮೈಕ್ ದನಿಯ ಮಟ್ಟ ಏರಿಸಿ ಇಳಿಸೋ ನಾಬ್) ತಿರುಗಿಸಿ. ಅದಕ್ಕಿಂತ ಏರಿಸೋ ಆಸೆ ಬೇಡ, ಒಡೆದ ದನಿ ಆಮೇಲೆ ಸರಿಹೋಗಲ್ಲ.

ಬರೀ ಮಿಕ್ಸಿಂಗ್ ಮಾಡೋದಾದ್ರೆ ಈಗಿರೋ ಕಾರ್ಡೇ ನಡೆಯುತ್ತೆ.