ಪ್ರೇಮಕಥೆಯಿಂದ ಪತ್ತೇದಾರಿಗೆ: ಹೆಸರು ಬದಲಿಸಬೇಕಾ?

ಮೂರು ಪ್ರೇಮ ಕಾದಂಬರಿ ಸ್ವಂತ ಖರ್ಚಿನಲ್ಲಿ ತಂದಿದ್ದೀರಿ, ಈಗ ಪತ್ತೇದಾರಿ ಬರೆದರೆ ಬೇರೆ ಹೆಸರು ಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಬೇಡ. ನಾನೂ ಹಾಗೇ ದಾಟಿದವಳು. ಎಡವಿದ್ದು ಹೆಸರಲ್ಲಿ ಅಲ್ಲ, ಮುಖಪುಟದಲ್ಲಿ. ಅದೇ ಹಳೇ ಗುಲಾಬಿ ಬಣ್ಣ, ಮಳೆ, ಒಂದೇ ಕೊಡೆಯಡಿ ಜೋಡಿ. ಒಳಗೆ ಮಲ್ಲೇಶ್ವರದ ವಠಾರದಲ್ಲಿ ಕೊಲೆ! ಓದುಗರು ಬೈಯದೆ ಇರುತ್ತಾರಾ? ಚಾಮರಾಜಪೇಟೆಯಲ್ಲಿ 500 ಪ್ರತಿ ಹಾಕಿಸಿದ್ದೆ, ಅರ್ಧ ಇನ್ನೂ ಮಂಚದ ಕೆಳಗಿವೆ.

ನೀವು ಮೊದಲು 100 ಡಿಜಿಟಲ್ ಪ್ರಿಂಟ್ ಹಾಕಿಸಿ. ಪ್ರತಿಯೊಂದಕ್ಕೆ ಜಾಸ್ತಿ ಬೀಳುತ್ತದೆ, ಆದರೆ ದುಡ್ಡು ಸಿಕ್ಕಿಹಾಕಿಕೊಳ್ಳುವುದಿಲ್ಲ. ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ನಂಬರ್‌ಗೆ, ಸುಮ್ನೆ ಯಾರಿಗೋ ಹಣ ಕೊಡಬೇಡಿ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಇ-ಬುಕ್‌ಗೆ ಬೇರೆ ನಂಬರ್ ಬೇಕು, ಮರೆಯಬೇಡಿ.