ಅರ್ಧ ಅಂಕಕ್ಕೆ ಇಷ್ಟು ಖರ್ಚೇ?

ಪ್ರಶ್ನೆ: ನಾನು ಹುಮನಾಬಾದಿನವಳು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ ಒಟ್ಟು 6.5 ಬಂದಿದೆ, ಬರವಣಿಗೆಯಲ್ಲಿ ಮಾತ್ರ 5.5. ಬ್ರಿಟನ್ನಿನ ವಿಶ್ವವಿದ್ಯಾಲಯ ಪ್ರತಿ ವಿಭಾಗದಲ್ಲೂ 6 ಕೇಳುತ್ತಿದೆ. ಇಲ್ಲವಾದರೆ ಬೇಸಿಗೆಯಲ್ಲೇ ಬಂದು ಅವರ ಇಂಗ್ಲಿಷ್ ಪೂರ್ವತರಬೇತಿ ಮುಗಿಸಬೇಕಂತೆ. ಹಣ ದಂಡ ಎನ್ನುತ್ತಾರೆ ಅಪ್ಪ. ಬೀದರಿನ ಕರೇಜ್ (ನೆಲದಡಿಯ ಹಳೆಯ ನೀರಿನ ಸುರಂಗ) ಬಗ್ಗೆ ಬರೆದ ಪ್ರಬಂಧವನ್ನೂ ಕಳಿಸಿದ್ದೇನೆ, ನೋಡಿ ಸರ್.
– ಹೆಸರು ಬೇಡ, ಬೀದರ್ ಜಿಲ್ಲೆ

ಉತ್ತರ: ನಿಮ್ಮ ತಂದೆಯವರ ಮಾತನ್ನು ಅರ್ಧ ಒಪ್ಪುತ್ತೇನೆ, ತಂಗಿ. ಪ್ರಬಂಧ ಓದಿದೆ. ವ್ಯಾಕರಣ ಚೆನ್ನಾಗಿಯೇ ಇದೆ. ಆದರೆ ಮುಕ್ಕಾಲು ಭಾಗ ಬಹಮನಿ ಸುಲ್ತಾನರ ವೈಭವ! ನೆಲದಡಿಯ ಸುರಂಗ ಬರಿಯ ಇಳಿಜಾರಿನ ಬಲದಿಂದ ಊರಿಗೆ ನೀರು ತರುತ್ತಿತ್ತು, ಅದನ್ನು ಉಳಿಸಿಕೊಳ್ಳಬೇಕು ಎಂಬ ನಿಮ್ಮ ವಾದ ಕೊನೆಯ ಸಾಲಿನಲ್ಲಿ ಅಡಗಿ ಕುಳಿತಿದೆ. ಅದನ್ನು ಮೊದಲ ಪ್ಯಾರಾಕ್ಕೆ ತನ್ನಿ. ಆಮೇಲೆ ಪ್ರತಿ ಪ್ಯಾರಾಕ್ಕೆ ಒಂದು ಕಾರಣ, ಅದಕ್ಕೊಂದು ಆಧಾರ. ದಿನಕ್ಕೊಂದು ವಿಷಯ ಹಿಡಿದು, 40 ನಿಮಿಷದಲ್ಲಿ 250 ಪದ ಬರೆಯಿರಿ. ಕಲಬುರಗಿಯ ಕೆಲವು ತರಬೇತಿ ಕೇಂದ್ರಗಳು ಉರು ಹೊಡೆಸುವ ಸಿದ್ಧ ವಾಕ್ಯಗಳನ್ನು ಮುಟ್ಟಬೇಡಿ, ಪರೀಕ್ಷಕರಿಗೆ ಅವು ತಕ್ಷಣ ತಿಳಿಯುತ್ತವೆ.

ಪೂರ್ವತರಬೇತಿ ವ್ಯರ್ಥವಲ್ಲ. ಉಪನ್ಯಾಸ ಕೇಳುತ್ತಲೇ ಟಿಪ್ಪಣಿ ಮಾಡುವುದು, ಆಕರ ಉಲ್ಲೇಖಿಸುವುದು, ಚರ್ಚೆಯಲ್ಲಿ ಅಧ್ಯಾಪಕರನ್ನೇ ಪ್ರಶ್ನಿಸುವುದು ಅಲ್ಲಿ ರೂಢಿಯಾಗುತ್ತದೆ. ನಮ್ಮ ಕಾಲೇಜುಗಳಲ್ಲಿ ಕೊನೆಯದಕ್ಕೆ ಧೈರ್ಯ ಮಾಡುವವರು ಯಾರು? ಆದರೆ ಶುಲ್ಕದ ಜೊತೆಗೆ ಅಲ್ಲಿನ ಬಾಡಿಗೆ, ಊಟವೂ ಸೇರುತ್ತದೆ. ಅರ್ಧ ಅಂಕಕ್ಕೆ ಅದು ದುಬಾರಿ. ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದಿದ್ದರೆ ಬರವಣಿಗೆಯೊಂದನ್ನೇ 60 ದಿನಗಳೊಳಗೆ ಮತ್ತೆ ಬರೆಯಬಹುದು. ಆ ಅಂಕವನ್ನು ಒಪ್ಪುತ್ತೀರಾ ಎಂದು ವಿಶ್ವವಿದ್ಯಾಲಯಕ್ಕೆ ಇಂದೇ ಇಮೇಲ್ ಮಾಡಿ.