ಮಾಡಿದ್ದಕ್ಕೆಲ್ಲ ಲೆಕ್ಕ ಇಟ್ಟಾಗ

(ಹೆಸರು, ಊರು, ಬಡಾವಣೆ ಎಲ್ಲ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಸರೋಜಮ್ಮ ಅಂತ ಕರೆಯೋಣ. ಅರವತ್ತರ ಹತ್ತಿರದ ವಯಸ್ಸು, ಊರು ಕುಣಿಗಲ್ ಕಡೆ. ಯಜಮಾನರು ತೀರಿಕೊಂಡ ಮೇಲೆ ಬೆಂಗಳೂರಿನ ವಿಜಯನಗರದಲ್ಲಿ ಮಗ, ಸೊಸೆ ಜೊತೆ ಇದ್ದಾರೆ. ಅವರಿಬ್ಬರದ್ದೂ ಮಾರತಹಳ್ಳಿ ಕಡೆ ಐಟಿ ಕೆಲಸ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಟ್ರಾಫಿಕ್ ದಾಟಿ ಮನೆ ಸೇರುವಾಗ ರಾತ್ರಿ ಎಂಟು. ಆರು ವರ್ಷದ ಮೊಮ್ಮಗನ ಶಾಲೆ, ಊಟ, ಹೋಂವರ್ಕ್ ಎಲ್ಲ ಅಜ್ಜಿಯದೇ.

ನಿದ್ದೆ ಬರಲ್ಲ, ಎದೆ ಭಾರ ಅಂತ ಡಾಕ್ಟರ್ ಹತ್ತಿರ ಹೋಗಿದ್ದರು. ಇಸಿಜಿ, ಶುಗರ್, ಥೈರಾಯ್ಡ್ ಎಲ್ಲ ಸರಿಯಾಗಿಯೇ ಇತ್ತು. ನಾನು ಆಪ್ತಸಮಾಲೋಚಕಿ; ಆ ಡಾಕ್ಟರೇ ನನ್ನ ಹತ್ತಿರ ಕಳಿಸಿದರು. ಮೊದಲ ದಿನ ಬಾಯಿಗೆ ಬಂದದ್ದು ಒಂದೇ ಮಾತು: "ಇಷ್ಟೆಲ್ಲಾ ಮಾಡ್ತೀನಿ ಮೇಡಂ, ಆದ್ರೂ ಆ ಮನೇಲಿ ನನಗೆ ಬೆಲೆ ಇಲ್ಲ."

ಏನೇನು ಮಾಡ್ತೀರಿ ಅಂತ ಕೇಳಿದೆ. ಐದಕ್ಕೆ ಎದ್ದು ನಂದಿನಿ ಬೂತಿನಿಂದ ಹಾಲು ತರುವುದು. ಕಾಫಿ ಡಿಕಾಕ್ಷನ್ ಹಾಕುವುದು. ಆಮೇಲೆ ಮೂರು ಡಬ್ಬಿ. ಮಗನಿಗೆ ಚಪಾತಿ ಪಲ್ಯ, ಸೊಸೆ ಡಯೆಟ್ ಅಂದಿದ್ದಕ್ಕೆ ಬೇಯಿಸಿದ ಕಾಳು, ಮಗುವಿಗೆ ಪುಟ್ಟ ಪುಟ್ಟ ಇಡ್ಲಿ. ಮೊಣಕಾಲು ನೋವಿದ್ದರೂ ನಿಂತುಕೊಂಡೇ ಅಷ್ಟೂ ಮಾಡುತ್ತಾರೆ. ಹೇಳುತ್ತಾ ಹೋದ ಹಾಗೆ ಹಳೆಯದೆಲ್ಲ ಈಚೆ ಬಂತು. "ಯುಗಾದಿ ದಿನ ಜ್ವರ ಇತ್ತು, ಆದ್ರೂ ಒಬ್ಬಟ್ಟು ಮಾಡಿದೆ. ಚೆನ್ನಾಗಿದೆ ಅಂತ ಒಂದು ಮಾತು ಅನ್ನಲಿಲ್ಲ." ಯಾವ ಹಬ್ಬಕ್ಕೆ ಏನು ಮಾಡಿದ್ದರು, ಯಾರು ಏನು ಅಂದರು, ಯಾರು ಏನೂ ಅನ್ನಲಿಲ್ಲ, ಒಂದೂ ಮರೆತಿರಲಿಲ್ಲ.

ಮುಂದಿನ ಭೇಟಿಯಲ್ಲಿ ಮಗುವಿನ ಮಾತು ಬಂತು. ಊಟ ಮಾಡದೆ ಹಠ ಹಿಡಿದರೆ ಸರೋಜಮ್ಮ ಹೇಳುವ ಮಾತು: "ನೀನು ಹಿಂಗೆ ಆಡಿದ್ರೆ ನಾನು ಊರಿಗೆ ಹೊರಟೋಗ್ತೀನಿ ನೋಡು." ಎಷ್ಟೋ ಮನೆಗಳಲ್ಲಿ ಈ ಮಾತು ಸಲೀಸಾಗಿ ಬರುತ್ತದೆ, ಅಲ್ವಾ? ಒಂದು ಬೆಳಿಗ್ಗೆ ಹಾಲು ತರಲು ಹೊರಟರೆ ಚಪ್ಪಲಿ ಇಲ್ಲ. ಹುಡುಕಿದರೆ ಮಂಚದ ಕೆಳಗೆ, ಮಗುವಿನ ಹಳೇ ಸ್ಕೂಲ್ ಬ್ಯಾಗಿನೊಳಗೆ, ಟವೆಲ್ ಸುತ್ತಿ ಇಟ್ಟಿತ್ತು. ಊರಿಗೆ ಹೋಗುವಾಗ ಹಿಡಿಯುವ ಬಟ್ಟೆ ಚೀಲವೂ ಅಲ್ಲೇ. ಯಾಕೋ ಪುಟ್ಟ ಅಂತ ಕೇಳಿದ್ದಕ್ಕೆ ಮಗು, "ಚಪ್ಪಲಿ ಇಲ್ದಿದ್ರೆ ನೀನು ಹೋಗಕ್ಕಾಗಲ್ಲ" ಅಂದಿತಂತೆ.

ಇದನ್ನು ನಗುತ್ತಾ ಹೇಳಲು ಶುರು ಮಾಡಿದವರು ಅರ್ಧದಲ್ಲೇ ಅತ್ತುಬಿಟ್ಟರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ, "ನಮ್ಮವ್ವನೂ ಹಿಂಗೇ ಮೇಡಂ" ಅಂದರು. ಆರು ಮಕ್ಕಳಲ್ಲಿ ಇವರೇ ದೊಡ್ಡವರು. ಕೊಟ್ಟಿಗೆ ಗುಡಿಸಿ, ನೀರು ಸೇದಿಟ್ಟ ದಿನ 'ನನ್ನ ಬಂಗಾರ'. ಹುಷಾರಿಲ್ಲ ಅಂತ ಮಲಗಿದ ದಿನ 'ಮೈಗಳ್ಳಿ'. ಕೆಲಸ ಮಾಡಿದರೆ ಮಾತ್ರ ತನಗೆ ಜಾಗ ಅನ್ನುವುದು ಆ ಎಳೇ ಮನಸ್ಸಿಗೆ ಅಂದೇ ಅಂಟಿಕೊಂಡಿತು. ಈಗಲೂ ಮನೆಯಲ್ಲಿ ಯಾರಾದರೂ ಸುಮ್ನೆ ಕೂತರೆ ಅವರಿಗೆ ಸಿಟ್ಟು ಬರುತ್ತದೆ. ತಾವು ಕೂತರಂತೂ ಭಯವೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಇದರ ಬಗ್ಗೆ ತುಂಬಾ ಯೋಚಿಸಿದವರು. ಹೇಳಿದ ಹಾಗೆ ನಡೆದುಕೊಂಡಾಗ ಮಾತ್ರ ಪ್ರೀತಿ ಸಿಕ್ಕಿದರೆ, ಮಗು ತನ್ನನ್ನೂ ಅದೇ ಅಳತೆಯಲ್ಲಿ ಅಳೆದುಕೊಳ್ಳುತ್ತದೆ ಅನ್ನುವುದು ಅವರ ವಿಚಾರ. ಸಲಹೆ ಕೇಳಿ ಬಂದವರನ್ನು ಷರತ್ತಿಲ್ಲದೆ ಒಪ್ಪಿಕೊಳ್ಳಬೇಕು ಅಂತ 1957ರಲ್ಲಿ ಬರೆದವರೂ ಅವರೇ. ನಮ್ಮ ವೃತ್ತಿ ಇವತ್ತಿಗೂ ಆ ಮಾತಿನ ಮೇಲೆ ನಿಂತಿದೆ. ಆದರೆ ಅದು ನಮ್ಮ ರೂಮಿನೊಳಗೇ ಉಳಿದರೆ ಏನು ಬಂತು? ದಿನಾ ಊಟಕ್ಕೆ ಕೂರುವ ಜಾಗದಲ್ಲಿ ಅದು ಬೇಕು.

ಷರತ್ತಿಲ್ಲದ ಪ್ರೀತಿ ಅಂದರೆ ಇನ್ನೂ ಜಾಸ್ತಿ ಮಾಡಬೇಕು, ಇನ್ನೂ ಸಹಿಸಬೇಕು ಅಂತ ಜನ ತಿಳಿಯುತ್ತಾರೆ. ಸರೋಜಮ್ಮನಿಗೆ ನಾನು ಹೇಳಿದ್ದು ಕಡಿಮೆ ಮಾಡಿ ಅಂತ. ಮನಸಾರೆ ಎಷ್ಟು ಆಗುತ್ತೋ ಅಷ್ಟೇ ಮಾಡಿ. ಯಾವುದಕ್ಕೆ ರಾತ್ರಿ ಲೆಕ್ಕ ಕೊಡಬೇಕು ಅನ್ನಿಸುತ್ತೋ ಅದನ್ನು ಬಿಡಿ.

ಇಬ್ಬರೂ ಕೂತು ದಿನದ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆವು. ಮಗುವಿನ ಇಡ್ಲಿ, ಅವನ ತಲೆಗೆ ಎಣ್ಣೆ ಹಚ್ಚುವುದು, ತುಳಸಿ ಕಟ್ಟೆ, ಇವೆಲ್ಲ ಅವರಿಗೆ ಖುಷಿ. ರಾತ್ರಿಯ ಚಪಾತಿ, ಭಾನುವಾರ ಮಗನ ಸ್ನೇಹಿತರಿಗೆ ಅಡುಗೆ, ಇವೆರಡು ಗೊಣಗಿಕೊಂಡೇ ಮಾಡುವಂಥವು. "ಇವೆರಡು ನನ್ನ ಕೈಲಾಗಲ್ಲಪ್ಪ" ಅಂತ ಮಗನಿಗೆ ಹೇಳುವುದನ್ನು ನನ್ನ ಎದುರಿಗೇ ಅಭ್ಯಾಸ ಮಾಡಿದರು. ಅಳದೆ, ಹಳೇ ಒಬ್ಬಟ್ಟಿನ ಕತೆ ತೆಗೆಯದೆ.

ಮಗುವಿನ ಜೊತೆ ಏನು ಮಾಡಬೇಕು ಅಂತಲೂ ಮಾತಾಡಿದೆವು. ನಿಯಮ ಇರಲಿ. ಊಟದ ಹೊತ್ತಿಗೆ ಮೊಬೈಲ್ ಇಲ್ಲ ಅಂದರೆ ಇಲ್ಲ. ಅತ್ತರೂ ಇಲ್ಲ. ಆದರೆ 'ಹೋಗಿಬಿಡ್ತೀನಿ', 'ನೀನು ನನಗೆ ಬೇಡ' ಅನ್ನುವ ಮಾತು ಇನ್ನು ಮನೆಯಲ್ಲಿ ಬರಬಾರದು. ಅದರ ಬದಲು, "ನನಗೆ ಕೋಪ ಬಂದಿದೆ, ಆದ್ರೂ ನಾನು ಎಲ್ಲೂ ಹೋಗಲ್ಲ." ಈ ಮಾತು ಅವರ ಬಾಯಲ್ಲಿ ಮೊದಮೊದಲು ತಡವರಿಸಿತು. ತಾವು ಚಿಕ್ಕವರಿದ್ದಾಗ ಯಾರೂ ಅವರಿಗೆ ಹೇಳದ ಮಾತು ಅದು.

ಆಮೇಲೆ ಮಗ, ಸೊಸೆಯನ್ನೂ ಕರೆಸಿದೆ. ಸೊಸೆ ಹೇಳಿದ್ದು ನನಗೆ ಮುಖ್ಯ ಅನ್ನಿಸಿತು. "ಅತ್ತೆ, ಆಫೀಸಲ್ಲಿ ಡಬ್ಬಿ ತೆಗೆಯುವಾಗಲೇ ಭಯ ಆಗುತ್ತೆ. ಸಾಯಂಕಾಲ ಇದರ ಬಗ್ಗೆ ಏನು ಮಾತು ಬರುತ್ತೋ ಅಂತ. ಚೆನ್ನಾಗಿತ್ತು ಅಂದ್ರೂ ಸಾಲಲ್ಲ ಅನ್ನಿಸುತ್ತೆ." ಸರೋಜಮ್ಮನಿಗೆ ಇದು ಹೊಸದು. ಮಗನಿಗೆ ನಾನು ನೇರವಾಗಿಯೇ ಕೇಳಿದೆ: ಕೆಲಸದ ವಿಷಯ ಬಿಟ್ಟು ಅಮ್ಮನ ಜೊತೆ ಕೊನೆಯ ಸಲ ಮಾತಾಡಿದ್ದು ಯಾವಾಗ? ಅವನಿಗೆ ನೆನಪಾಗಲಿಲ್ಲ. ಲೆಕ್ಕ ಇಡುವುದು ತಪ್ಪು ಅಂತ ಅಮ್ಮನಿಗೆ ಹೇಳುವ ಮೊದಲು, ಕೊಡುವ ಕೈಯನ್ನು ನೋಡದೇ ತಿನ್ನುವ ಅಭ್ಯಾಸವೂ ಹೋಗಬೇಕಲ್ಲ. ದಿನಾ ರಾತ್ರಿ ಹತ್ತು ನಿಮಿಷ ಅಮ್ಮನ ಹತ್ತಿರ ಸುಮ್ನೆ ಕೂರು, ಏನೂ ಕೇಳಬೇಡ ಅಂದೆ.

ಒಂದು ಎಚ್ಚರಿಕೆ. ಹೊಡೆತ, ಬೆದರಿಕೆ ಇರುವ ಮನೆಗೆ ಈ ಸಲಹೆ ಅಲ್ಲ. ಅಲ್ಲಿ ಪ್ರೀತಿಯ ಹೆಸರಲ್ಲಿ ಸಹಿಸಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಎರಡು ವಾರ ದಾಟಿದರೂ ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದರೆ ಮನೋವೈದ್ಯರನ್ನು ನೋಡಲೇಬೇಕು. ಸರೋಜಮ್ಮನನ್ನೂ ಮೊದಲು ಅವರ ಹತ್ತಿರ ಕಳಿಸಿದ್ದೆ. ಔಷಧಿ ಬೇಡ, ಮಾತು ಮುಂದುವರಿಸಿ ಅಂದರು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.

ಈಗ ರಾತ್ರಿ ಚಪಾತಿ ಮಗನೇ ಲಟ್ಟಿಸುತ್ತಾನೆ. ದುಂಡಗೆ ಬರಲ್ಲ ಅಂತ ಸರೋಜಮ್ಮ ಗೊಣಗುತ್ತಾರೆ, ಆದರೆ ತಿನ್ನುತ್ತಾರೆ. ನಿದ್ದೆ ಮೊದಲಿಗಿಂತ ಪರವಾಗಿಲ್ಲ. ಸೊಸೆ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ತವರಿನ ಜಮೀನಿನ ವಿಷಯದಲ್ಲಿ ತಮ್ಮನ ಜೊತೆ ಮಾತು ಬಿಟ್ಟು ವರ್ಷಗಳಾಗಿವೆ. ಅದರ ಬಗ್ಗೆ ಮಾತಾಡಬೇಕು ಅಂತ ಹೋದ ಸಲ ಅವರಾಗಿಯೇ ಕೇಳಿದ್ದಾರೆ. ಮುಂದಿನ ಭೇಟಿ ಅಲ್ಲಿಂದಲೇ ಶುರು.